ಶುಕ್ರವಾರದ ಡ್ರಾಫ್ಟ್ ಬದಲಾಗುತ್ತಿರುವ ಕುರಿತು ನಮ್ಮ ಗ್ರಾಹಕರಿಗೆ ಪತ್ರ

ಆತ್ಮೀಯ ಗ್ರಾಹಕರೇ,

ಬರುವ ತಿಂಗಳ ಮೊದಲ ಶುಕ್ರವಾರದಿಂದ ನಮ್ಮ ಜಯನಗರದ ಅಂಗಡಿಯಲ್ಲಿ ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಕಾರ್ಡಿನ ಆಟದ ಡ್ರಾಫ್ಟ್, ಅಂದರೆ ಕಾರ್ಡುಗಳನ್ನು ಸರದಿಯಂತೆ ಆರಿಸಿ, ಅವುಗಳಿಂದ ಡೆಕ್ (ಆಡುವ ಕಾರ್ಡುಗಳ ಗುಂಪು) ಕಟ್ಟಿ ಆಡುವ ಪಂದ್ಯ, ಹೊಸ ರೀತಿಯಲ್ಲಿ ನಡೆಯಲಿದೆ. ತಲಾ ಮೂರು ಬೂಸ್ಟರ್ ಪ್ಯಾಕ್ (ಒಳಗೆ ಯಾವ ಕಾರ್ಡುಗಳಿವೆ ಎಂದು ಮೊದಲೇ ತಿಳಿಯದ ಮುಚ್ಚಿದ ಪೊಟ್ಟಣ) ಒಡೆದು, ಆರಿಸಿಕೊಂಡ ಕಾರ್ಡುಗಳನ್ನು ಮನೆಗೆ ಒಯ್ಯುವ ಪದ್ಧತಿ ಪ್ರತಿ ವಾರ ಇರುವುದಿಲ್ಲ. ಅದರ ಬದಲು ನಾವೇ ಜೋಡಿಸಿರುವ 240 ಕಾಮನ್ (ಪ್ಯಾಕುಗಳಲ್ಲಿ ಹೆಚ್ಚಾಗಿ ಸಿಗುವ) ಕಾರ್ಡುಗಳ ಒಂದು ಪೆಟ್ಟಿಗೆಯಿಂದ, ಮೇಜಿಗೆ ನಾಲ್ವರಂತೆ ಕುಳಿತು, ಒಂದೂವರೆ ಗಂಟೆಯೊಳಗೆ ಮುಗಿಯುವ ಡ್ರಾಫ್ಟ್ ಆಡಬಹುದು. ಆಟ ಮುಗಿದ ಮೇಲೆ ಕಾರ್ಡುಗಳು ಪೆಟ್ಟಿಗೆಗೆ ಮರಳುತ್ತವೆ. ಪ್ರವೇಶ ಶುಲ್ಕ ಒಬ್ಬರಿಗೆ 150 ರೂಪಾಯಿ. ಹಳೆಯ ಪದ್ಧತಿಯನ್ನು ಮನಸಾರೆ ಹಚ್ಚಿಕೊಂಡಿದ್ದವರಿಗೆ ಇದರಿಂದ ಬೇಸರವಾಗುತ್ತದೆಂದು ಬಲ್ಲೆವು, ಅವರಲ್ಲಿ ಕ್ಷಮೆ ಕೋರುತ್ತೇವೆ. ಆದರೆ ಈ ನಿರ್ಧಾರ ಅವಸರದ್ದಲ್ಲ, ಇದರ ಹಿಂದಿರುವ ಲೆಕ್ಕವನ್ನು ನಿಮ್ಮ ಮುಂದೆ ಇಡುವುದು ನಮ್ಮ ಕರ್ತವ್ಯ.

ಮೊದಲು ಬೆಲೆಯ ವಿಚಾರ, ಏಕೆಂದರೆ ಕಳೆದ ಕೆಲವು ತಿಂಗಳುಗಳಲ್ಲಿ ನಾವು ಅತಿ ಹೆಚ್ಚು ಮಾತು ಕೇಳಿದ್ದು ಅದರ ಬಗ್ಗೆಯೇ. ಡ್ರಾಫ್ಟಿಗೆಂದೇ ಮಾಡಿದ, 15 ಕಾರ್ಡಿನ, ಕಡಿಮೆ ಬೆಲೆಯ ಡ್ರಾಫ್ಟ್ ಬೂಸ್ಟರ್ ಈಗ ಬರುವುದಿಲ್ಲ. 2024ರ ಫೆಬ್ರವರಿಯಿಂದ ಅದರ ಸ್ಥಾನದಲ್ಲಿ 14 ಕಾರ್ಡಿನ ಪ್ಲೇ ಬೂಸ್ಟರ್ ಬಂದಿದೆ. 2025ರಲ್ಲಿ ಸಾಮಾನ್ಯ ಸೆಟ್ಟೊಂದರ (ಒಟ್ಟಿಗೆ ಬಿಡುಗಡೆಯಾಗುವ ಹೊಸ ಕಾರ್ಡುಗಳ ಸರಣಿ) ಪ್ಲೇ ಬೂಸ್ಟರಿಗೆ ಅಮೆರಿಕದಲ್ಲಿ ಸೂಚಿಸಿದ ಚಿಲ್ಲರೆ ಬೆಲೆ 5.49 ಡಾಲರ್. ಮೂರು ಪ್ಯಾಕಿಗೆ 16.47 ಡಾಲರ್ ಆಯಿತು. ಡಾಲರಿಗೆ 85 ರೂಪಾಯಿಯಂತೆ ಹಿಡಿದರೂ ಅದು 1,400 ರೂಪಾಯಿಯ ಹತ್ತಿರ ಬಂದು ನಿಲ್ಲುತ್ತದೆ, ಮತ್ತು ರೂಪಾಯಿ ಅಲ್ಲಿಗೇ ನಿಂತಿಲ್ಲ. ಸಗಟು ದರದಲ್ಲಿ ನಮಗೆ ಸ್ವಲ್ಪ ಕಡಿಮೆಗೆ ಸಿಗುತ್ತದೆ ಎಂಬುದು ನಿಜ. ಆದರೆ ಆ ಕಡಿತದ ಬಹುಪಾಲು ವಿಮಾನದ ಸಾಗಣೆಗೆ, ಸೀಮಾಸುಂಕಕ್ಕೆ, ಸರಕಿನ ಬೆಲೆ ಮತ್ತು ಸುಂಕ ಎರಡನ್ನೂ ಕೂಡಿಸಿ ಅದರ ಮೇಲೆ ಹಾಕುವ ಐಜಿಎಸ್‌ಟಿಗೆ, ಸರಕು ಬಿಡಿಸಿಕೊಡುವ ಏಜೆಂಟರ ಶುಲ್ಕಕ್ಕೆ ಹೋಗುತ್ತದೆ. ಇಷ್ಟೆಲ್ಲವನ್ನೂ ಮೊದಲೇ ಕಟ್ಟಿ, ಪೆಟ್ಟಿಗೆ ಅಂಗಡಿಗೆ ಬಂದ ಮೇಲೆ ಒಂದೊಂದೇ ಪ್ಯಾಕಾಗಿ ಮಾರಬೇಕು. "ಅಂಗಡಿಯವರು ಮನಬಂದಂತೆ ಬೆಲೆ ಏರಿಸಿದರು" ಎಂಬ ಮಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ ಎಂದು ವಿನಯದಿಂದ ಆದರೂ ಸ್ಪಷ್ಟವಾಗಿ ಹೇಳಬಯಸುತ್ತೇವೆ.

ಇನ್ನೊಂದು ವೆಚ್ಚ ಕಣ್ಣಿಗೆ ಕಾಣುವಂಥದ್ದಲ್ಲ. 2025ರಲ್ಲಿ ಸ್ಟ್ಯಾಂಡರ್ಡ್ ಆಟಕ್ಕೆ (ಇತ್ತೀಚಿನ ಸೆಟ್ಟುಗಳಿಂದಷ್ಟೇ ಆಡುವ ಪದ್ಧತಿ) ಸೇರುವ ಸೆಟ್ಟುಗಳೇ ಆರು ಬಂದವು. ಒಂದು ಸೆಟ್ಟಿನ ಪ್ಯಾಕುಗಳು ಮುಗಿಯುವ ಮೊದಲೇ ಮುಂದಿನದು ಬಾಗಿಲಲ್ಲಿರುತ್ತದೆ. ಹೊಸದು ಬಂದ ವಾರದಿಂದ ಹಳೆಯದನ್ನು ಡ್ರಾಫ್ಟಿಗೆ ಕೇಳುವವರು ತೀರ ಕಡಿಮೆ. ಕಪಾಟಿನಲ್ಲಿ ಹಾಗೆ ಉಳಿದ ಪ್ಯಾಕುಗಳಲ್ಲಿ ನಮ್ಮ ದುಡಿಮೆಯ ಬಂಡವಾಳ ಸಿಕ್ಕಿಹಾಕಿಕೊಳ್ಳುತ್ತದೆ, ಮುಂದಿನ ಸೆಟ್ಟಿಗೆ ಮುಂಗಡ ಕಟ್ಟುವ ಹೊತ್ತಿಗೆ ಅದು ಕೈಗೆ ಬಂದಿರುವುದಿಲ್ಲ.

ಸಮಯದ ಮಾತೂ ಇದೆ. ಎಂಟು ಜನರ ಪೂರ್ಣ ಡ್ರಾಫ್ಟ್ ಎಂದರೆ ಆರಿಸಲು ಮುಕ್ಕಾಲು ಗಂಟೆ, ಡೆಕ್ ಕಟ್ಟಲು ಅರ್ಧ ಗಂಟೆ, ಆಮೇಲೆ 50 ನಿಮಿಷದ ಮೂರು ಸುತ್ತು. ಎಲ್ಲ ಕೂಡಿಸಿದರೆ ಮೂರು ಮುಕ್ಕಾಲು ಗಂಟೆ, ಅದೂ ಎಂಟನೆಯವರು ಟ್ರಾಫಿಕ್ ದಾಟಿ ಬಂದು ಕುಳಿತ ಮೇಲೆ. ಕೊನೆಯ ಮೆಟ್ರೊ ತಪ್ಪೀತೆಂದು ಮೂರನೆಯ ಸುತ್ತನ್ನು ಅರ್ಧಕ್ಕೆ ಬಿಟ್ಟು ಎದ್ದವರು ನಿಮ್ಮಲ್ಲೇ ಎಷ್ಟೋ ಮಂದಿ.

ಈ ಎರಡೂ ತೊಂದರೆಗೆ ಒಂದೇ ಉತ್ತರ ಹುಡುಕುತ್ತ ಈ ಚಿಕ್ಕ ಡ್ರಾಫ್ಟನ್ನು ರೂಪಿಸಿದೆವು. ಅದು ಹೇಗೆ ನಡೆಯುತ್ತದೆ, ಹಾಗೇ ಏಕೆ ನಡೆಯುತ್ತದೆ ಎಂಬುದನ್ನು ವಿವರಿಸುವುದರಲ್ಲಿ ನಮಗೆ ಸಂತೋಷವಿದೆ. ಪೆಟ್ಟಿಗೆಯಲ್ಲಿ, ಈ ಆಟದ ಕಾರ್ಡುಗಳಿಗಿರುವ ಐದು ಬಣ್ಣಗಳಿಗೆ ತಲಾ 40ರಂತೆ 200 ಕಾರ್ಡುಗಳಿವೆ. ಉಳಿದ 40ರಲ್ಲಿ ಬಣ್ಣವಿಲ್ಲದವು ಮತ್ತು ಎರಡು ಬಣ್ಣದವು ಸೇರಿವೆ. ಯಾವ ಕಾರ್ಡಿಗೂ ಎರಡನೆಯ ಪ್ರತಿ ಇಲ್ಲ. ಒಂದು ಆಟಕ್ಕೆ ಇದರಲ್ಲಿ ಅರ್ಧ, ಅಂದರೆ 120 ಕಾರ್ಡುಗಳನ್ನು ಮಾತ್ರ ಕಲಸಿ, ಒಬ್ಬೊಬ್ಬರಿಗೆ ಹತ್ತು ಕಾರ್ಡಿನ ಮೂರು ಕಟ್ಟುಗಳಂತೆ ಹಂಚುತ್ತೇವೆ. ಉಳಿದರ್ಧದಲ್ಲಿ ಏನಿದೆ ಎಂಬುದು ಯಾರಿಗೂ ತಿಳಿಯದಿರುವುದರಿಂದ, ಪೆಟ್ಟಿಗೆಯನ್ನು ಬಾಯಿಪಾಠ ಮಾಡಿಕೊಂಡವರಿಗೂ ಪ್ರತಿ ವಾರದ ಆಟ ಬೇರೆಯಾಗಿಯೇ ಬರುತ್ತದೆ.

ಆರಿಸುವಾಗ ಒಮ್ಮೆಗೆ ಎರಡು ಕಾರ್ಡು ತೆಗೆದುಕೊಂಡು ಉಳಿದ ಎಂಟನ್ನು ಪಕ್ಕದವರಿಗೆ ದಾಟಿಸಬೇಕು. ನಾಲ್ವರ ಮೇಜಿಗೆ ಎರಡೆರಡು ಆರಿಸುವ ಕ್ರಮವನ್ನು ಆಟದ ತಯಾರಕರೂ 2025ರಲ್ಲಿ ತಂದಿದ್ದಾರೆ, ಅದರಲ್ಲಿ ವಿಚಿತ್ರವೇನೂ ಇಲ್ಲ. ಹತ್ತು, ಎಂಟು, ಆರು, ನಾಲ್ಕು ಎಂದು ಕಟ್ಟು ಕರಗುತ್ತ ಹೋಗಿ, ಕೊನೆಯ ಎರಡು ಕಾರ್ಡು ಮೊದಲು ಅದನ್ನು ತೆರೆದವರ ಕೈಗೇ ಮರಳುತ್ತವೆ. ಆ ಎರಡರಲ್ಲಿ ಆಯ್ಕೆ ಇರುವುದಿಲ್ಲ, ಆದರೆ ಮೇಜಿನ ಉಳಿದ ಮೂವರಿಗೆ ಏನು ಬೇಕಾಗಿತ್ತು, ಏನು ಬೇಡವಾಗಿತ್ತು ಎಂಬುದು ಅವುಗಳಿಂದ ತಿಳಿಯುತ್ತದೆ. ಡ್ರಾಫ್ಟಿನ ನಿಜವಾದ ರುಚಿ ಇರುವುದು ಈ ಓದಿನಲ್ಲಿ, ಅದನ್ನು ಕಳೆದುಕೊಳ್ಳಲು ನಾವು ಒಪ್ಪಲಿಲ್ಲ. ಮೊದಲ ಕಟ್ಟು ಎಡಕ್ಕೆ, ಎರಡನೆಯದು ಬಲಕ್ಕೆ, ಮೂರನೆಯದು ಮತ್ತೆ ಎಡಕ್ಕೆ ಹೋಗುವ ಹಳೆಯ ಕ್ರಮವನ್ನು ಉಳಿಸಿಕೊಂಡಿರುವುದೂ ಅದಕ್ಕೇ. 15 ಕಾರ್ಡಿನ ಪ್ಯಾಕುಗಳಲ್ಲಿ 45 ಸಲ ಯೋಚಿಸಬೇಕಾಗಿದ್ದ ಕಡೆ ಈಗ 15 ಸಲ ಯೋಚಿಸಿದರೆ ಸಾಕು. ಮೊದಲ ಬಾರಿ ಬಂದವರಿಗೆ ಒಂದೇ ಕಾರ್ಡನ್ನು ನಂಬಿ ಯಾವ ಬಣ್ಣದಲ್ಲಿ ಆಡಬೇಕೆಂದು ನಿರ್ಧರಿಸುವ ಅಳುಕೂ ಇರುವುದಿಲ್ಲ.

ಹೀಗೆ ಸಿಕ್ಕ 30 ಕಾರ್ಡುಗಳಲ್ಲಿ 17ನ್ನು ಇಟ್ಟುಕೊಂಡು, ಅಂಗಡಿ ಕೊಡುವ 13 ಲ್ಯಾಂಡ್ (ಉಳಿದ ಕಾರ್ಡುಗಳನ್ನು ಆಡಲು ಬೇಕಾದ ಮಾನಾ ಎಂಬ ಶಕ್ತಿಯನ್ನು ಕೊಡುವ ಕಾರ್ಡು) ಸೇರಿಸಿ, 30 ಕಾರ್ಡಿನ ಡೆಕ್ ಕಟ್ಟಬೇಕು. 40 ಕಾರ್ಡಿನ ಡೆಕ್ಕಿಗೆ 17 ಲ್ಯಾಂಡ್ ಎಂಬ ನಿಮ್ಮ ಕೈಗೆ ಕೂತಿರುವ ಲೆಕ್ಕವೇ ಇಲ್ಲಿ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿದೆ. ಆರಂಭದ ಜೀವ (ಇದು ಸೊನ್ನೆಗಿಳಿದವರು ಸೋತಂತೆ) 20ರ ಬದಲು 15. ರೇರ್ (ವಿರಳವಾಗಿ ಸಿಗುವ) ಕಾರ್ಡುಗಳಿಲ್ಲದ ಮೇಜಿನಲ್ಲಿ ಎರಡೂ ಕಡೆಯ, ಕಾದಾಡುವ ಜೀವಿಗಳಾದ ಕ್ರೀಚರ್‌ಗಳು ಎದುರುಬದುರು ನಿಂತು ಆಟ ಎಳೆದುಕೊಂಡು ಹೋಗುವುದುಂಟು, ಅದನ್ನು ಮೊಟಕುಗೊಳಿಸಲು ಇದಕ್ಕಿಂತ ಸರಳ ದಾರಿ ನಮಗೆ ಕಾಣಲಿಲ್ಲ. ಇದರ ಪರಿಣಾಮವನ್ನು ಕೆಂಪು ಬಣ್ಣದಲ್ಲಿ ಎಚ್ಚರಿಕೆಯಿಂದ ತೂಗಬೇಕಾಯಿತು: ಒಂದೇ ಕೆಂಪು ಮಾನಾಕ್ಕೆ 3 ಜೀವ ಕಳೆಯುವ ಲೈಟ್ನಿಂಗ್ ಬೋಲ್ಟ್ 15ರ ಆಟದಲ್ಲಿ ಐದನೆಯ ಒಂದು ಪಾಲನ್ನೇ ಕೀಳುತ್ತದೆ. ಅದನ್ನು ಉಳಿಸಿಕೊಂಡು, ಆ ಜಾತಿಯ ಉಳಿದ ಕಾರ್ಡುಗಳನ್ನು ಕಡಿಮೆ ಮಾಡಿದ್ದೇವೆ. ಇವಾಲ್ವಿಂಗ್ ವೈಲ್ಡ್ಸ್‌ನಂತೆ ಡೆಕ್ಕಿನಲ್ಲಿ ಹುಡುಕಿ ಮತ್ತೆ ಕಲಸಬೇಕಾದ ಕಾರ್ಡುಗಳನ್ನು, ಅವು ಎಷ್ಟು ಉಪಯುಕ್ತವಾದರೂ, ಪೂರ್ತಿ ಕೈಬಿಟ್ಟೆವು. ಪ್ರತಿ ಬಣ್ಣದ 40ರಲ್ಲಿ 24 ಕ್ರೀಚರ್‌ಗಳಿರುವಂತೆ ನೋಡಿಕೊಂಡಿದ್ದೇವೆ, ಇಲ್ಲವಾದರೆ ಕಾದಾಡಲು ಯಾರೂ ಇಲ್ಲದ ಡೆಕ್ಕುಗಳೇ ಹುಟ್ಟುತ್ತವೆ. ಆರಿಸಲು 15 ನಿಮಿಷ, ಕಟ್ಟಲು 10, ಆಮೇಲೆ 20 ನಿಮಿಷದ ಒಂದೊಂದೇ ಆಟದ ಮೂರು ಸುತ್ತು. ಮೇಜಿನ ನಾಲ್ವರೂ ಪರಸ್ಪರ ಒಮ್ಮೆ ಎದುರಾಗುತ್ತಾರೆ, 85 ನಿಮಿಷಕ್ಕೆ ಎಲ್ಲ ಮುಗಿಯುತ್ತದೆ.

ಇನ್ನು ಮತ್ತೆ ಮತ್ತೆ ಕಿವಿಗೆ ಬಿದ್ದಿರುವ ಒಂದು ದೂರಿಗೆ ಬರುತ್ತೇವೆ: "ದುಡ್ಡು ಕೊಟ್ಟು ಆಡಿ ಬರಿಗೈಯಲ್ಲಿ ಹೋಗಬೇಕೆ?" ಈ ಪ್ರಶ್ನೆ ಕೇಳಿದವರ ಮೇಲೆ ನಮಗೆ ಬೇಸರವಿಲ್ಲ. ಆದರೆ ಹಳೆಯ ಪದ್ಧತಿಯಲ್ಲಿ ಕೈತುಂಬ ಹೋಗುತ್ತಿದ್ದವರು ಎಷ್ಟು ಜನ ಎಂಬುದನ್ನೂ ದಯವಿಟ್ಟು ನೆನೆಯಿರಿ. ಒಂದು ಪ್ಯಾಕಿನಲ್ಲಿ ಖಚಿತವಾಗಿ ಸಿಗುವುದು ಒಂದು ರೇರ್ ಅಥವಾ ಅದಕ್ಕಿಂತಲೂ ವಿರಳವಾದ ಮಿಥಿಕ್ ರೇರ್. ಮೂರು ಪ್ಯಾಕಿನಲ್ಲಿ ಅಂಥವು ಮೂರೋ ನಾಲ್ಕೋ ಸಿಗುತ್ತಿದ್ದವು, ಅವುಗಳಲ್ಲಿಯೂ ಹೆಚ್ಚಿನವಕ್ಕೆ ಮರುದಿನ ಕೊಳ್ಳುವವರಿರುತ್ತಿರಲಿಲ್ಲ. ಉಳಿದ ಕಾಮನ್ ಕಾರ್ಡುಗಳನ್ನು ರಾತ್ರಿ ನಮ್ಮ ಮೇಜಿನ ಮೇಲೆಯೇ ಬಿಟ್ಟು ಹೋಗುತ್ತಿದ್ದವರೇ ಹೆಚ್ಚು. ಇಂದಿನ ಪೆಟ್ಟಿಗೆ ಹುಟ್ಟಿದ್ದೇ ಹೀಗೆ ನೀವು ಬಿಟ್ಟುಹೋದ ಮತ್ತು ಪ್ರೀತಿಯಿಂದ ಕೊಟ್ಟ ಕಾರ್ಡುಗಳಿಂದ. ಅಂಗಡಿಯವರು ಒಳ್ಳೆಯ ಕಾರ್ಡುಗಳನ್ನು ಬಚ್ಚಿಟ್ಟು ಉಳಿದದ್ದನ್ನು ಆಡಲು ಕೊಡುತ್ತಾರೆ ಎಂಬ ಅನುಮಾನ ಯಾರಿಗಾದರೂ ಇದ್ದರೆ, 240 ಕಾರ್ಡುಗಳ ಪೂರ್ತಿ ಪಟ್ಟಿ ಕೌಂಟರಿನ ಮೇಲಿರುತ್ತದೆ, ಯಾವಾಗ ಬೇಕಾದರೂ ನೋಡಬಹುದು.

ಇನ್ನೂ ಒಂದು ಕಾರಣವಿದೆ, ಅದನ್ನು ನಾವು ಬೆಲೆಗಿಂತ ಮುಖ್ಯವೆಂದು ಎಣಿಸುತ್ತೇವೆ. ಕಾರ್ಡು ಮನೆಗೆ ಹೋಗುತ್ತದೆ ಎಂದಾಗ ಆಯ್ಕೆಯ ಕಣ್ಣು ಡೆಕ್ಕಿನಿಂದ ಬೆಲೆಯ ಕಡೆಗೆ ತಿರುಗುತ್ತದೆ. ಹಸಿರು ಆಡುತ್ತಿರುವವರು ಹತ್ತನೆಯ ಆಯ್ಕೆಯಲ್ಲಿ ತಮಗೆ ಯಾವ ಉಪಯೋಗವೂ ಇಲ್ಲದ ನೀಲಿ ರೇರ್ ಎತ್ತಿಟ್ಟುಕೊಂಡರೆ, ಪಕ್ಕದಲ್ಲಿ ಕುಳಿತ ಹೊಸಬರಿಗೆ ಮೇಜಿನಲ್ಲಿ ಯಾರು ಯಾವ ಬಣ್ಣ ಆಡುತ್ತಿದ್ದಾರೆಂಬ ಸುಳಿವೇ ಸಿಗುವುದಿಲ್ಲ. ಹಾಗೆ ಎತ್ತಿಕೊಂಡವರದು ತಪ್ಪೂ ಅಲ್ಲ, ಅಷ್ಟು ಹಣ ಕೊಟ್ಟವರು ಅದನ್ನು ಬಿಡಲಿ ಎಂದು ಕೇಳುವ ಹಕ್ಕು ನಮಗಿರಲಿಲ್ಲ. ಈಗ ಪ್ರತಿ ಕಾರ್ಡನ್ನೂ ಆಡಲಿಕ್ಕಾಗಿಯೇ ಆರಿಸಬಹುದು. ಕಾಲೇಜಿನ ಹುಡುಗ ಹುಡುಗಿಯರೂ ವಾರವಾರ ಬಂದು ಕೂರಬಹುದು, ಸೋತರೆ ತಿಂಗಳ ಕೈಖರ್ಚು ಹೋಯಿತೆಂಬ ಸಂಕಟವಿಲ್ಲದೆ.

ಆ 150 ರೂಪಾಯಿ ಎಲ್ಲಿಗೆ ಹೋಗುತ್ತದೆ ಎಂದೂ ಕೇಳಿದ್ದೀರಿ. ಮೇಜು, ಬೆಳಕು, ರಾತ್ರಿ ಅಂಗಡಿ ತೆರೆದಿಡುವ ನಮ್ಮ ಹುಡುಗರ ಸಂಬಳ ಇವುಗಳ ಜತೆಗೆ, ಕಾರ್ಡಿಗೆ ತೊಡಿಸುವ ಪ್ಲಾಸ್ಟಿಕ್ ಹೊದಿಕೆಯಾದ ಸ್ಲೀವಿನ ಖರ್ಚು ನೀವು ಊಹಿಸುವುದಕ್ಕಿಂತ ದೊಡ್ಡದು. ಮೇಲಿಂದ ಮೇಲೆ ಕಲಸುವ ಕಾರ್ಡಿನ ಸ್ಲೀವು ಅಂಚಿನಲ್ಲಿ ಬೇಗ ಸೀಳುತ್ತದೆ. ಒಂದು ಸೀಳಿದರೆ ಡೆಕ್ಕಿನಲ್ಲಿ ಆ ಕಾರ್ಡು ಯಾವುದೆಂದು ಹಿಂಬದಿಯಿಂದಲೇ ಗುರುತು ಸಿಗುತ್ತದೆ, ಆದ್ದರಿಂದ 240ಕ್ಕೂ ಒಟ್ಟಿಗೆ ಹೊಸದು ಹಾಕಬೇಕಾಗುತ್ತದೆ.

ಗೆದ್ದವರಿಗೆ ನಗದು ಅಥವಾ ಪ್ಯಾಕಿನ ಬಹುಮಾನ ಇರುವುದಿಲ್ಲ. ಬದಲಿಗೆ ಅವರು ಪೆಟ್ಟಿಗೆಯಿಂದ ಒಂದು ಕಾರ್ಡನ್ನು ತೆಗೆದು, ಅದೇ ಬಣ್ಣದ ಬೇರೊಂದು ಕಾಮನ್ ಕಾರ್ಡನ್ನು ಸೇರಿಸಬಹುದು. ತೆಗೆದ ಕಾರ್ಡು ಅವರದೇ. ಹೀಗೆ ಪೆಟ್ಟಿಗೆ ಕಾಲಕ್ರಮದಲ್ಲಿ ನಮ್ಮ ಕೈಯಿಂದ ನಿಮ್ಮ ಕೈಗೆ ಬರಲಿ ಎಂಬುದು ನಮ್ಮ ಆಸೆ, ಈ ಒಂದು ನಿಯಮದ ಬಗ್ಗೆ ನಮಗೆ ವಿಶೇಷ ಹೆಮ್ಮೆಯಿದೆ.

ಪ್ಯಾಕ್ ಒಡೆಯುವ ಡ್ರಾಫ್ಟ್ ಪೂರ್ತಿ ನಿಂತುಹೋಗುವುದಿಲ್ಲ. ಹೊಸ ಸೆಟ್ ಬಿಡುಗಡೆಯಾದ ಮೊದಲ ಶನಿವಾರ ಮಧ್ಯಾಹ್ನ, ಎಂಟು ಜನ ಮುಂಗಡವಾಗಿ ಹೆಸರು ಬರೆಸಿದರೆ, ಹಳೆಯ ಪದ್ಧತಿಯಲ್ಲಿಯೇ ನಡೆಸುತ್ತೇವೆ. ವಾರದ ಉಳಿದ ದಿನಗಳಲ್ಲಿ ಇಬ್ಬರೇ ಬಂದರೂ ಅದೇ ಪೆಟ್ಟಿಗೆಯಿಂದ ವಿನ್‌ಸ್ಟನ್ ಡ್ರಾಫ್ಟ್ ಆಡಬಹುದು. ಆಟದ ಮೂಲ ವಿನ್ಯಾಸಕಾರರಾದ ರಿಚರ್ಡ್ ಗಾರ್‌ಫೀಲ್ಡ್ ಅವರೇ ಇಬ್ಬರಿಗೆಂದು ರೂಪಿಸಿದ ಆ ಪದ್ಧತಿಯನ್ನು, ಗೊತ್ತಿಲ್ಲದವರಿಗೆ ನಾವೇ ಪಕ್ಕದಲ್ಲಿ ಕುಳಿತು ಹೇಳಿಕೊಡುತ್ತೇವೆ.

ಈಗಾಗಲೇ ಮುಂದಿನ ಶುಕ್ರವಾರಗಳಿಗೆ ಮುಂಗಡ ಕೊಟ್ಟಿರುವವರು ಪೂರ್ತಿ ಹಣವನ್ನು ವಾಪಸು ಪಡೆಯಬಹುದು, ಇಲ್ಲವೇ ಬಿಡುಗಡೆಯ ಶನಿವಾರದ ಡ್ರಾಫ್ಟಿಗೆ ಜಮೆ ಮಾಡಿಸಬಹುದು. ಯಾವುದು ಬೇಕೆಂದು ಈ ತಿಂಗಳ ಕೊನೆಯೊಳಗೆ ಕೌಂಟರಿನಲ್ಲಿ ತಿಳಿಸಿದರೆ ಸಾಕು, ರಸೀದಿ ಕಳೆದಿದ್ದರೂ ಚಿಂತೆಯಿಲ್ಲ, ನಿಮ್ಮ ಹೆಸರು ನಮ್ಮ ಪುಸ್ತಕದಲ್ಲಿದೆ.

ಇಂತಿ ನಿಮ್ಮ ವಿಶ್ವಾಸಿಗಳು,
ಅಂಗಡಿಯ ಪಾಲುದಾರರು
ಜಯನಗರ, ಬೆಂಗಳೂರು