ದೊಡ್ಡ ಬ್ಯಾಂಡ್‌ಸಾ ಕೊಳ್ಳುವಾಗ ಇಂಚು, ಎಚ್‌ಪಿ ಮಾತ್ರ ನೋಡಿದರೆ ಸಾಲದು

ಮಾನ್ಯ ಸಂಪಾದಕರೇ,

ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ (ಪಿಎಂಇಜಿಪಿ)ದಂತಹ ಯೋಜನೆಗಳಡಿ ಸಾಲ ಮತ್ತು ಸಹಾಯಧನ ಸಿಗುವುದರಿಂದ ಸಣ್ಣ ಊರುಗಳ ಮರಗೆಲಸದ ಘಟಕಗಳೂ 30 ಇಂಚು, 36 ಇಂಚಿನ ಬ್ಯಾಂಡ್‌ಸಾ (ಎರಡು ಚಕ್ರಗಳ ಮೇಲೆ ಪಟ್ಟಿಯಂತೆ ಸುತ್ತುವ ಬ್ಲೇಡಿನ ಗರಗಸ ಯಂತ್ರ; ಇಂಚು ಎಂದರೆ ಚಕ್ರದ ವ್ಯಾಸ) ಹಾಕಿಸುವ ಯೋಚನೆ ಮಾಡುತ್ತಿವೆ. ಗ್ರಾಮೀಣ ಭಾಗದ ಸಾಮಾನ್ಯ ವರ್ಗದ ಅರ್ಜಿದಾರರಿಗೂ ಈ ಯೋಜನೆಯಲ್ಲಿ ಶೇ 25ರಷ್ಟು ಸಹಾಯಧನವಿದೆ. ಕೈಗರಗಸದಿಂದ ಹಲಗೆ ಸೀಳಿ ಸೊಂಟ ಕಳೆದುಕೊಂಡ ಹಿರಿಯರನ್ನು ಕಂಡವರಿಗೆ ಇದಕ್ಕಿಂತ ಸಂತೋಷದ ಸಂಗತಿ ಬೇರೆ ಇಲ್ಲ. ಆದರೆ ಯಂತ್ರ ಆರಿಸುವಾಗ ನಮ್ಮವರು ಚಕ್ರದ ಇಂಚು, ಮೋಟಾರಿನ ಎಚ್‌ಪಿ ಮತ್ತು ಕೊಟೇಶನ್‌ನ ಮೊತ್ತ ಇಷ್ಟನ್ನೇ ನೋಡುತ್ತಾರೆ. ಸಾಲ ಕೊಡುವವರೂ ಇವುಗಳ ಆಚೆಗೆ ಏನನ್ನೂ ಕೇಳುವುದಿಲ್ಲ. ಸಾಗರದಲ್ಲಿ ಬಾಗಿಲು, ಕಿಟಕಿ, ಮಂಚ ಮಾಡುವ ಕಾರ್ಯಾಗಾರ ನಡೆಸುವವನಾಗಿ ಈ ಕುರಿತು ಕೆಲವು ಮಾತು ಬರೆಯುತ್ತಿದ್ದೇನೆ.

ಮೊದಲು ನಿರ್ಧಾರವಾಗಬೇಕಾದದ್ದು ಸೀಳುವುದು ಏನನ್ನು ಎಂಬುದು. ದಿಮ್ಮಿಯನ್ನೇ ಸೀಳುವುದಾದರೆ ಅದು ಸಾಮಿಲ್‌ನ ಕೆಲಸ, ಅದಕ್ಕೆ ಅರಣ್ಯ ಇಲಾಖೆಯ ಪರವಾನಗಿ ಬೇಕು. ಅರಣ್ಯ ರಕ್ಷಣೆಗೆ ಸಂಬಂಧಿಸಿದ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ನೀಡಿದ ಆದೇಶದ ನಂತರ ಈ ವಿಷಯ ಬಹಳ ಬಿಗಿಯಾಗಿದೆ. ಸಾಮಿಲ್‌ನಿಂದ ತಂದ ನಾಟಾವನ್ನು (ಸೀಳಿದ ಮರವನ್ನು) ಮತ್ತೆ ತೆಳುವಾಗಿ ಸೀಳುವುದಷ್ಟೇ ನಮ್ಮ ಅಗತ್ಯವಾಗಿದ್ದರೂ ಮುಂಗಡ ಕೊಡುವ ಮೊದಲು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ. ಕುರ್ಚಿಯ ಬೆನ್ನು, ಕಮಾನುಗಳಂತಹ ಬಾಗಿದ ಕೆಲಸವೇ ಹೆಚ್ಚಿರುವವರಿಗೆ 36 ಇಂಚಿನ ಯಂತ್ರ ಬೇಕಾಗಿಯೇ ಇಲ್ಲ. ಕಾಲು ಇಂಚಿನ ಬ್ಲೇಡು ಅಷ್ಟು ದೊಡ್ಡ ಚಕ್ರದ ಮೇಲೆ ನೆಟ್ಟಗೆ ನಿಲ್ಲುವುದು ಕಷ್ಟ. ಅಂಥವರಿಗೆ 18 ಇಂಚಿನದೇ ಸಾಕು.

ದೊಡ್ಡದೇ ಬೇಕೆಂದಾದರೆ ಎಲ್ಲಕ್ಕಿಂತ ಮುಖ್ಯವಾಗಿ ಪರೀಕ್ಷಿಸಬೇಕಾದದ್ದು ಚಕ್ರಗಳನ್ನು. 36 ಇಂಚಿನ ಚಕ್ರ ನಿಮಿಷಕ್ಕೆ 600 ಸುತ್ತು ತಿರುಗಿದರೆ ಬ್ಲೇಡು ನಿಮಿಷಕ್ಕೆ ಸುಮಾರು 1,700 ಮೀಟರ್ ವೇಗದಲ್ಲಿ ಓಡುತ್ತದೆ, ಆ ವೇಗದಲ್ಲಿ ಚಕ್ರದ ತೂಕ ಒಂದು ಕಡೆಗೆ ಸ್ವಲ್ಪ ಹೆಚ್ಚಿದ್ದರೂ ಯಂತ್ರ ನಡುಗುತ್ತದೆ, ಹಲಗೆಯ ಮೇಲೆ ಅಲೆ ಮೂಡುತ್ತದೆ, ಬೇರಿಂಗ್ ಬೇಗ ಹೋಗುತ್ತದೆ. ಹಳೆಯ ಯಂತ್ರ ಕೊಳ್ಳುವವರು ಮೇನ್ ಸ್ವಿಚ್ ಆಫ್ ಮಾಡಿಸಿ, ಬ್ಲೇಡು ಬಿಚ್ಚಿಸಿ, ಮೇಲಿನ ಚಕ್ರವನ್ನು ಕೈಯಿಂದ ತಿರುಗಿಸಿ ಅದು ತಾನಾಗಿ ನಿಲ್ಲುವವರೆಗೆ ಕಾಯಬೇಕು. ನಿಂತಾಗ ಕೆಳಗೆ ಬಂದ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ ಮತ್ತೆ ಮತ್ತೆ ತಿರುಗಿಸಿದಾಗ, ಗುರುತು ಪ್ರತಿ ಬಾರಿಯೂ ಕೆಳಕ್ಕೇ ಬಂದು ನಿಂತರೆ ಆ ಚಕ್ರದ ಸಮತೂಕ ಸರಿಯಿಲ್ಲ ಎಂದರ್ಥ. ಅಂಚು ಹಿಡಿದು ಅಲ್ಲಾಡಿಸಿದಾಗ ಬೇರಿಂಗ್‌ನ ಸಡಿಲ ಕೈಗೇ ತಿಳಿಯುತ್ತದೆ. ಚಕ್ರದ ಅಂಚಿನ ರಬ್ಬರ್ ಪಟ್ಟಿ ಸವೆದಿದ್ದರೆ ಬದಲಾಯಿಸಬಹುದು, ಎರಕದ ಕಬ್ಬಿಣದ ಚಕ್ರದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಆ ಯಂತ್ರ ಬೇಡ.

ಬ್ಲೇಡಿನ ದಪ್ಪ ಚಕ್ರದ ವ್ಯಾಸದ ಸಾವಿರದ ಒಂದು ಭಾಗವನ್ನು ಮೀರಬಾರದು ಎಂಬ ಲೆಕ್ಕವನ್ನು ಈ ಕೆಲಸ ಬಲ್ಲವರು ಪಾಲಿಸುತ್ತಾರೆ. 36 ಇಂಚಿನ ಚಕ್ರಕ್ಕೆ ಅದು ಸುಮಾರು 0.9 ಮಿ.ಮೀ. ಆಗುತ್ತದೆ. ದಪ್ಪ ಬ್ಲೇಡು ಗಟ್ಟಿ ಎಂದು ನಂಬಿ ಹಾಕಿದರೆ ಅದು ಚಕ್ರದ ಮೇಲೆ ಬಾಗಿ ನೆಟ್ಟಗಾಗುತ್ತಲೇ ಹಲ್ಲಿನ ಬುಡದಲ್ಲಿ ಸೀಳು ಬಿಟ್ಟು ತುಂಡಾಗುತ್ತದೆ. ಸಾಗುವಾನಿಯಲ್ಲಿ ಸಿಲಿಕಾ ಇರುವುದರಿಂದ ಹಲ್ಲು ಬೇಗ ಮೊಂಡಾಗುತ್ತದೆ. ಹಾಗಾಗಿ ಬ್ಲೇಡಿಗೆ ಬೆಸುಗೆ ಹಾಕಿ ಸಾಣೆ ಹಿಡಿದು ಕೊಡುವವರು ಹತ್ತಿರದ ಊರಿನಲ್ಲಿ ಇದ್ದಾರೆಯೇ ಎಂಬುದನ್ನೂ ಯಂತ್ರ ಕೊಳ್ಳುವ ಮೊದಲೇ ತಿಳಿದುಕೊಳ್ಳಬೇಕು.

ವಿದ್ಯುತ್ತಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಭಾರದ ಚಕ್ರವನ್ನು ಎಬ್ಬಿಸಲು 7.5 ಎಚ್‌ಪಿ ಮೋಟಾರು ಆರಂಭದಲ್ಲಿ ಬಹಳ ಕರೆಂಟ್ ಎಳೆಯುತ್ತದೆಯಾದ್ದರಿಂದ ಮೊದಲು ಕಡಿಮೆ ವೋಲ್ಟೇಜಿನಲ್ಲಿ ಮೋಟಾರನ್ನು ಎಬ್ಬಿಸುವ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಬೇಕು, ಮೂರು ಫೇಸ್‌ಗಳಲ್ಲಿ ಒಂದು ಹೋದಾಗ ಮೋಟಾರು ಸುಡದಂತೆ ಪ್ರಿವೆಂಟರ್ ಕೂಡ ಇರಬೇಕು.

ನನ್ನನ್ನು ಈ ಪತ್ರ ಬರೆಯಲು ಹಚ್ಚಿದ ಸಂಗತಿ ಮಾತ್ರ ಬೇರೆ. ಇಷ್ಟು ದೊಡ್ಡ ಚಕ್ರ ಸ್ವಿಚ್ ಆರಿಸಿದ ಕೂಡಲೇ ನಿಲ್ಲುವುದಿಲ್ಲ. ಬ್ರೇಕ್ ಇಲ್ಲದ ಯಂತ್ರದಲ್ಲಿ ಮೋಟಾರಿನ ಸದ್ದು ಅಡಗಿದ ಮೇಲೂ ಬ್ಲೇಡು ಬಹಳ ಹೊತ್ತು ಓಡುತ್ತಲೇ ಇರುತ್ತದೆ, ಸಣ್ಣ ಹಲ್ಲುಗಳು ಕಣ್ಣಿಗೆ ಬರಿಯ ಹೊಳೆಯುವ ಪಟ್ಟಿಯಂತೆ ಕಾಣುತ್ತವೆ, ನಿಂತಿದೆ ಎಂದು ತಿಳಿದು ಮೇಜಿನ ಮೇಲಿನ ಚೂರು ತೆಗೆಯಲು ಕೈ ಹಾಕಿದ ಹುಡುಗನ ಬೆರಳು ಹೋಗುತ್ತದೆ. ಕಾಲಲ್ಲಿ ಒತ್ತುವ ಬ್ರೇಕ್, ಎರಡೂ ಚಕ್ರಗಳಿಗೆ ಪೂರ್ತಿ ಮುಚ್ಚುವ ಬಾಗಿಲು, ಹಲಗೆಯ ದಪ್ಪಕ್ಕೆ ತಕ್ಕಂತೆ ಕೆಳಗಿಳಿದು ಉಳಿದ ಬ್ಲೇಡನ್ನು ಮರೆಮಾಡುವ ಗೈಡ್, ಇವು ಮೂರೂ ಯಂತ್ರದ ಬೆಲೆಯಲ್ಲೇ ಸೇರಿರಬೇಕೇ ಹೊರತು ಬೇಕಾದವರಿಗೆ ಬೇರೆ ದುಡ್ಡಿಗೆ ಕೊಡುವ ಸಾಮಾನಾಗಬಾರದು. ತಿರುಗುವ ಭಾಗಗಳಿಗೆ ಕವಚ ಇರಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಆದರೆ ಮೂರು ನಾಲ್ಕು ಜನ ದುಡಿಯುವ ನಮ್ಮಂತಹ ಕೊಟ್ಟಿಗೆಗಳತ್ತ ಯಾವ ತಪಾಸಣಾಧಿಕಾರಿಯೂ ಬರುವುದಿಲ್ಲ. ಧೂಳಿನ ವಿಷಯವೂ ಹೀಗೆಯೇ: ಮರದ ಧೂಳು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 1990ರ ದಶಕದಲ್ಲೇ ಪಟ್ಟಿ ಮಾಡಿದ್ದರೂ ಧೂಳು ಎಳೆಯುವ ಕೊಳವೆಗೆ ಜಾಗವೇ ಇಲ್ಲದ ಯಂತ್ರಗಳು ಇಂದಿಗೂ ಮಾರಾಟವಾಗುತ್ತಿವೆ.

ಆದ್ದರಿಂದ ಜಿಲ್ಲಾ ಕೈಗಾರಿಕಾ ಕೇಂದ್ರಗಳು ಮತ್ತು ಬ್ಯಾಂಕುಗಳಲ್ಲಿ ನನ್ನ ವಿನಂತಿ ಇಷ್ಟೇ. ಬ್ಯಾಂಡ್‌ಸಾ ಯಂತ್ರದ ಸಾಲಕ್ಕೆ ಬರುವ ಪ್ರತಿಯೊಂದು ಕೊಟೇಶನ್‌ನಲ್ಲೂ ಬ್ರೇಕ್, ಕವಚ, ಗೈಡ್ ಮತ್ತು ಧೂಳಿನ ಕೊಳವೆ ಇವೆಯೇ ಎಂದು ಬರಹದಲ್ಲಿ ಕೇಳಬೇಕು, ಯಂತ್ರ ಕೂರಿಸಿದ ಮೇಲೆ ನಡೆಸುವ ಪರಿಶೀಲನೆಯಲ್ಲಿ ಅಧಿಕಾರಿಗಳು ಯಂತ್ರದ ಮುಂದೆ ಫೋಟೊ ತೆಗೆಸಿಕೊಳ್ಳುವುದರ ಜೊತೆಗೆ ಬ್ರೇಕನ್ನೂ ಒಮ್ಮೆ ಒತ್ತಿ ನೋಡಬೇಕು, ಇವಿಲ್ಲದ ಯಂತ್ರಕ್ಕೆ ಸಹಾಯಧನ ಬಿಡುಗಡೆ ಮಾಡಬಾರದು.

ಇಂತಿ,
ಮರಗೆಲಸದ ಕಾರ್ಯಾಗಾರದ ಮಾಲೀಕ, ಸಾಗರ