ಮೂರನೇ ಚುಕ್ಕೆ ಇಡಿಸಿದವರಿಗೆ

ಎಸ್‌ಎಸ್‌ಎಲ್‌ಸಿ ಪರೀಕ್ಷೆ-1ರ ಫಲಿತಾಂಶ ಬಂದಿದೆ. ಸಿಕ್ಕವರೆಲ್ಲ 625ಕ್ಕೆ ಎಷ್ಟು ಬಂತು ಎಂದು ಕೇಳುತ್ತಿದ್ದಾರೆ. ಆ ಅಂಕ ಹೇಗೆ ಬಂತು, ಯಾರಿಂದ ಬಂತು ಎನ್ನುವುದನ್ನೂ ನಾಲ್ಕು ಜನಕ್ಕೆ ತಿಳಿಸಬೇಕು. ಹತ್ತನೇ ತರಗತಿಯ ಎಲ್ಲರ ಪರವಾಗಿ ಬರೆಯುತ್ತಿದ್ದೇವೆ.

ನಮ್ಮದು ಹೋಬಳಿಯ ಸರ್ಕಾರಿ ಪ್ರೌಢಶಾಲೆ. ಲ್ಯಾಬಿಗೆಂದು ಬೇರೆ ಕೋಣೆ ಇಲ್ಲ. ಸೂಕ್ಷ್ಮದರ್ಶಕ ಒಂದೇ. ಎರಡು ವಿಷಯಗಳಿಗೆ ಅತಿಥಿ ಶಿಕ್ಷಕರು. ಪಾಠಕ್ಕೆ ಮಾತ್ರ ಒಂದು ದಿನವೂ ಬರ ಬಂದಿಲ್ಲ.

ವಿಜ್ಞಾನದ ಮೇಡಂಗೆ ಮೊದಲ ನಮಸ್ಕಾರ. ಆಮ್ಲ ತಗುಲಿದರೆ ಕೆಂಪಾಗುವ ನೀಲಿ ಲಿಟ್ಮಸ್ ಕಾಗದ ಬೀರುವಿನಲ್ಲಿತ್ತು; ಅದು ಹೈಡ್ರೋಕ್ಲೋರಿಕ್ ಆಮ್ಲದ ಬಾಟಲಿಯ ಪಕ್ಕದಲ್ಲೇ ಕೂತು, ಅದರ ಹೊಗೆಗೆ ಪೂರ್ತಿ ಕೆಂಪಾಗಿತ್ತು. ಮೇಡಂ ಹೊಸ ಕಾಗದಕ್ಕೆ ಕಾಯಲಿಲ್ಲ. ಐದಾರು ಕೆಂಪು ದಾಸವಾಳದ ಎಸಳು ಬಿಡಿಸಿ ಒಂದು ಲೋಟ ಕುದಿನೀರಿಗೆ ಹಾಕಿ, ಹತ್ತು ನಿಮಿಷ ಮುಚ್ಚಿಟ್ಟು ಸೋಸಿದರೆ ಸೂಚಕ ಸಿದ್ಧ. ನಿಂಬೆರಸ ಬಿದ್ದರೆ ಕೆಂಪು, ಸುಣ್ಣದ ತಿಳಿ ಬಿದ್ದರೆ ಹಸಿರು. ನಿಂಬೆರಸದ ಲೋಟ ತೊಳೆಯದೆ ಅದಕ್ಕೇ ಸುಣ್ಣದ ತಿಳಿ ಬಿಟ್ಟರೆ ಹಸಿರು ತಕ್ಷಣ ಬರುವುದಿಲ್ಲ, ಉಳಿದ ಹುಳಿ ಮೊದಲು ಸುಣ್ಣವನ್ನು ಮುರಿಯುತ್ತದೆ. ತಟಸ್ಥೀಕರಣ ಎಂಬ ಪದ ಅರ್ಥವಾದದ್ದು ಆ ತೊಳೆಯದ ಲೋಟದಲ್ಲಿ. ದಾಸವಾಳದ ನೀರು ಇಟ್ಟಷ್ಟೂ ಬಣ್ಣ ಕೆಡುತ್ತದಾದ್ದರಿಂದ ಪ್ರತಿ ಸಲವೂ ಹೊಸದಾಗಿ ಮಾಡಬೇಕು.

ಪತ್ರರಂಧ್ರ, ಅಂದರೆ ಎಲೆ ಉಸಿರಾಡುವ ಸಣ್ಣ ತೂತು, ನೋಡುವಾಗಲೂ ಹಾಗೆಯೇ. ಎಲೆಯ ಕೆಳಮೈಯ ಸಿಪ್ಪೆಯನ್ನು ತೆಳ್ಳಗೆ ಸುಲಿದು, ಗಾಜಿನ ಮೇಲೆ ಒಂದು ಹನಿ ನೀರಿನಲ್ಲಿ ಹರಡಿ, ಮೇಲೆ ಮುಚ್ಚುವ ತೆಳು ಗಾಜಾದ ಕವರ್ ಸ್ಲಿಪ್ಪನ್ನು ಓರೆಯಾಗಿ ಇಳಿಸಬೇಕು. ಮೇಲಿನಿಂದ ನೇರ ಇಟ್ಟರೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ, ಕರಿಯ ಅಂಚಿನ ಆ ಗುಳ್ಳೆಯನ್ನೇ ರಂಧ್ರವೆಂದು ಚಿತ್ರ ಬರೆದುಬಿಡುತ್ತಾರೆ. ಮೇಡಂ ಸಾಲಿನಲ್ಲಿ ನಿಲ್ಲಿಸಿ, ಪ್ರತಿಯೊಬ್ಬರೂ ನೋಡಿ ಮುಗಿಸುವವರೆಗೆ ಕದಲಲಿಲ್ಲ.

ಗಣಿತದ ಸರ್‌ಗೆ ಎಷ್ಟು ಹೇಳಿದರೂ ಕಡಿಮೆ. 80 ಅಂಕ, 38 ಪ್ರಶ್ನೆಗಳ ಪತ್ರಿಕೆಯನ್ನು ಅವರು ಬೋರ್ಡಿನ ಮೇಲೆ ಬಿಡಿಸಿಟ್ಟರು: ಒಂದು ಅಂಕದವು 16, ಎರಡರವು 8, ಮೂರರವು 9, ನಾಲ್ಕರವು 4, ಐದರದು 1. ಕಷ್ಟಪಡುವವರಿಗೆ ನಕ್ಷೆಯ (ಗ್ರಾಫಿನ) ಲೆಕ್ಕ ಮೊದಲು. ಸರಳರೇಖೆ ಎಳೆಯಲು ಎರಡು ಬಿಂದು ಸಾಕು, ಆದರೆ ಸರ್ ಮೂರನೆಯದನ್ನು ಇಡದೆ ಬಿಡುತ್ತಿರಲಿಲ್ಲ. ಎರಡರಲ್ಲಿ ಒಂದು ತಪ್ಪಿದ್ದರೂ ರೇಖೆ ಬಂದೇ ಬರುತ್ತದೆ, ತಪ್ಪು ಗೊತ್ತಾಗುವುದಿಲ್ಲ. ಮೂರನೇ ಚುಕ್ಕೆ ಸಾಲಿಗೆ ಬಾರದಿದ್ದರೆ ಕೋಷ್ಟಕಕ್ಕೆ ವಾಪಸ್ಸು ಹೋಗಬೇಕು. ಹೆಚ್ಚಿನ ಸಲ ಋಣ ಚಿಹ್ನೆ ಬಿಟ್ಟುಹೋಗಿರುತ್ತದೆ.

ಅತಿಥಿ ಶಿಕ್ಷಕರಿಗೆ ಗೌರವಧನ ತಿಂಗಳು ತಡವಾದರೂ ಬೆಳಗಿನ ವಿಶೇಷ ತರಗತಿ ತಡವಾಗಲಿಲ್ಲ. ನಿಮ್ಮ ಋಣ ದೊಡ್ಡದು.

ಬಿಸಿಯೂಟದ ಅಕ್ಕಂದಿರನ್ನು ಬಿಟ್ಟು ಈ ಬರಹ ಮುಗಿಯದು. ಕ್ಷೀರಭಾಗ್ಯದ ಹಾಲು ಮಗುವಿಗೆ 150 ಮಿಲಿ, ಅದಕ್ಕೆ ಪುಡಿ 18 ಗ್ರಾಂ. ಇನ್ನೂರು ಮಕ್ಕಳಿಗೆ ಮೂರೂವರೆ ಕಿಲೋ ಮೇಲೆ ಪುಡಿ, 30 ಲೀಟರ್ ಹಾಲು. ಕುದಿಯುವ ನೀರಿಗೆ ಪುಡಿ ಸುರಿದರೆ ಗಂಟು ಕಟ್ಟುತ್ತದೆ, ಆ ಗಂಟು ಸಿಕ್ಕ ಮಗು ಮರುದಿನ ಲೋಟ ಮುಟ್ಟುವುದಿಲ್ಲ. ಅಕ್ಕಂದಿರು ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಪುಡಿ ಕದಡಿ, ಆಮೇಲೆ ಬಿಸಿ ನೀರಿಗೆ ಸೇರಿಸುತ್ತಿದ್ದರು. ದೂರದ ಹಳ್ಳಿಗಳಿಂದ ಖಾಲಿ ಹೊಟ್ಟೆಯಲ್ಲಿ ನಡೆದು ಬರುವವರಿಗೆ ಮೊದಲ ಪೀರಿಯಡ್ಡು ತಲೆಗೆ ಹತ್ತಿದ್ದು ಆ ಲೋಟದಿಂದ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ಒಳ್ಳೆಯ ಫಲಿತಾಂಶ ಬಂದಿದೆ ಎಂದು ಲ್ಯಾಬಿನ ಅರ್ಜಿಯನ್ನು ಬದಿಗಿಡಬೇಡಿ. ದಾಸವಾಳದಿಂದ ಆಮ್ಲ ಪತ್ತೆಯಾಗುತ್ತದೆ, ಆದರೆ ವಿದ್ಯುತ್ ಪಾಠದ ಓಮನ ನಿಯಮಕ್ಕೆ ಅಮ್ಮೀಟರು, ವೋಲ್ಟ್‌ಮೀಟರು ಬೇಕೇ ಬೇಕು. ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಸಮಿತಿಯ) ಹಿರಿಯರು ಅರ್ಜಿ ಹಿಡಿದು ಓಡಾಡುತ್ತಲೇ ಇದ್ದಾರೆ, ಅವರಿಗೂ ನಮಸ್ಕಾರ.

ಮುಂದಿನ ಬ್ಯಾಚಿನವರೇ, ಯಾವ ಲೆಕ್ಕ ಯಾಕೆ ತಪ್ಪಿತು ಎಂದು ಬರೆದಿಟ್ಟ ನೋಟ್‌ಬುಕ್ಕುಗಳನ್ನು ಬೀರುವಿನ ಕೆಳಗಿನ ಅರೆಯಲ್ಲಿ ಇಟ್ಟಿದ್ದೇವೆ. ಹೊಸ ಲಿಟ್ಮಸ್ ಬಂದರೆ ಮೇಲಿನ ಅರೆಯಲ್ಲಿಡಿ, ಆಮ್ಲದ ಬಾಟಲಿಯಿಂದ ದೂರ.