ಕಾದ ಉಕ್ಕಿನ ಲೆಕ್ಕಕ್ಕೆ ಎರವಲು ಅಂಕಿ ಸಾಲದು

ಮಾನ್ಯ ಸಂಪಾದಕರೆ,

ಕಾಯಿಸಿದರೆ ಕಬ್ಬಿಣ ಮೆತ್ತಗಾಗುತ್ತದೆಂಬುದು ಕುಲುಮೆಯ ಮುಂದೆ ಕುಳಿತವರಿಗೆಲ್ಲ ಗೊತ್ತು. ಎಷ್ಟು ಕಾದಾಗ ಎಷ್ಟು ಎಂಬ ಲೆಕ್ಕ ಮಾತ್ರ ಪ್ರಯೋಗದಿಂದಲೇ ಸಿಗಬೇಕು. ಮಂಗಳೂರು, ಉಡುಪಿ ಭಾಗದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳಲ್ಲಿ ಬೆಂಕಿಗೆ ಸಿಕ್ಕಿದ ತೊಲೆ, ವೆಲ್ಡಿಂಗ್ ಜೋಡಣೆ, ಬಿಸಿ ಫೋರ್ಜಿಂಗ್ ಮುಂತಾದವುಗಳ ಕಂಪ್ಯೂಟರ್ ವಿಶ್ಲೇಷಣೆ ಬಣ್ಣಬಣ್ಣದ ಚಿತ್ರಗಳೊಂದಿಗೆ ರಾರಾಜಿಸುತ್ತದೆಯಾದರೂ, ಅದಕ್ಕೆ ಉಣಿಸಿದ ಅಂಕಿಗಳ ಮೂಲ ಕೇಳಿದರೆ ಹೆಚ್ಚಿನವರು ತೋರಿಸುವುದು ಯಾವುದೋ ದೇಶದ ಯಾವುದೋ ಉಕ್ಕಿನ ಕೋಷ್ಟಕವನ್ನು.

ಇಂತಹ ಕೆಲಸದಲ್ಲಿ ಬಹಳ ಬಳಕೆಯಲ್ಲಿರುವುದು, ಲೋಹ ಎಷ್ಟು ಬಲಕ್ಕೆ ಮಣಿಯುತ್ತದೆಂದು ಲೆಕ್ಕ ಹಾಕುವ 1983ರ ಜಾನ್ಸನ್-ಕುಕ್ ಸೂತ್ರ. ಅದರ ಐದು ಸ್ಥಿರಾಂಕಗಳಲ್ಲಿ ಮೂರು, ಎಳೆದಷ್ಟೂ ಲೋಹ ಗಡುಸಾಗುವ ಬಗೆಗೆ, ಒಂದು ಎಳೆಯುವ ವೇಗಕ್ಕೆ, ಉಳಿದೊಂದು ತಾಪಕ್ಕೆ. ಕೋಣೆಯ ತಾಪದಲ್ಲಿ ಪೂರ್ಣ ಬಲ, ಕರಗುವ ತಾಪದಲ್ಲಿ ಸೊನ್ನೆ, ನಡುವೆ ಇಳಿಕೆಯೇ ಹೊರತು ಏರಿಕೆಯಿಲ್ಲ ಎಂಬುದು ಅದರ ನಿಯಮ. ಆದರೆ ನಮ್ಮ ಸಾಮಾನ್ಯ ಮೈಲ್ಡ್ ಸ್ಟೀಲ್ ಈ ನಿಯಮಕ್ಕೆ ಬಗ್ಗುವುದಿಲ್ಲ. 200ರಿಂದ 300 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಅದರ ಮೈಮೇಲೆ ನೀಲಿ ಛಾಯೆ ಮೂಡುವ ಹೊತ್ತಿಗೆ, ಒಳಗಿರುವ ಇಂಗಾಲ ಮತ್ತು ನೈಟ್ರೋಜನ್ ಪರಮಾಣುಗಳು ಹರಳುಗಳೊಳಗಿನ ಜಾರುವಿಕೆಗೆ ಅಡ್ಡಗಟ್ಟುವುದರಿಂದ ಗರಿಷ್ಠ ಎಳೆತದ ಬಲ ಏರುತ್ತದೆ, ಮುರಿಯದೆ ಹಿಗ್ಗುವ ಗುಣ ತಗ್ಗುತ್ತದೆ. ನಾನು ಕಂಡ ಒಂದು ವರದಿಯಲ್ಲಿ 250 ಡಿಗ್ರಿಯ ಬಿಂದುವಿನ ಪಕ್ಕದಲ್ಲಿ ‘ಪ್ರಯೋಗದ ದೋಷ’ ಎಂದು ಷರಾ ಬರೆದು, ಅದನ್ನು ಬಿಟ್ಟು ರೇಖೆ ಎಳೆದಿದ್ದರು. ಕಷ್ಟಪಟ್ಟು ಕಾಯಿಸಿ, ಎಳೆದು ಪಡೆದ ಅಂಕಿಗಳಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಅದೇ ಆಗಿತ್ತು! ಇಂತಹ ಉಕ್ಕಿಗೆ ಒಂದೇ ಸೂತ್ರದ ಹಟ ಬಿಟ್ಟು, ಒಂದೊಂದು ತಾಪಕ್ಕೂ ಎಳೆತಕ್ಕೂ ಬಲಕ್ಕೂ ಇರುವ ಸಂಬಂಧದ ಪ್ರತ್ಯೇಕ ರೇಖೆಯನ್ನು ಕೋಷ್ಟಕವಾಗಿ ಕೊಡುವುದೇ ಮೇಲು.

ಉಕ್ಕಿನ ಕಟ್ಟಡಗಳ ಭಾರತೀಯ ಮಾನಕ ಐಎಸ್ 800:2007 ಇದೆಯಲ್ಲ ಎಂದು ಕೆಲವರು ಹೇಳಬಹುದು. ಅದರ ಪ್ರಕಾರ ಉಕ್ಕಿನ ಇಳುವರಿ ಬಲ (ಉಕ್ಕು ಶಾಶ್ವತವಾಗಿ ವಿರೂಪಗೊಳ್ಳತೊಡಗುವ ಹಂತದ ಬಲ) 215 ಡಿಗ್ರಿಯವರೆಗೆ ಹಾಗೆಯೇ ಇದ್ದು, 560 ಡಿಗ್ರಿಗೆ ಅರ್ಧಕ್ಕಿಳಿಯುತ್ತದೆ. ಕಟ್ಟಡದ ಅಗ್ನಿಸುರಕ್ಷೆಯ ವಿನ್ಯಾಸಕ್ಕೆ ಅಷ್ಟು ಸಾಕು. ಇಳುವರಿಯ ಆಚೆಗೆ ಲೋಹ ಹೇಗೆ ನಡೆದುಕೊಳ್ಳುತ್ತದೆ ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ.

ಹಾಗಾಗಿ ನನ್ನ ವಿನಂತಿ ಮುಖ್ಯವಾಗಿ ಕರಾವಳಿಯ ಪರೀಕ್ಷಾ ಪ್ರಯೋಗಾಲಯಗಳಿಗೆ. ಬೈಕಂಪಾಡಿಯ ವರ್ಕ್‌ಶಾಪಿನವರಾಗಲಿ ವಿದ್ಯಾರ್ಥಿಗಳಾಗಲಿ ಉಕ್ಕಿನ ತುಂಡು ಕೊಟ್ಟರೆ ವಾಡಿಕೆಯಂತೆ ಕೈಗೆ ಬರುವುದು ಇಳುವರಿ ಬಲ, ಗರಿಷ್ಠ ಬಲ, ಶೇಕಡಾವಾರು ಉದ್ದಿಗೆ (ತುಂಡಾಗುವ ಮುನ್ನ ಹಿಗ್ಗಿದ ಪ್ರಮಾಣ) ಎಂಬ ಮೂರು ಅಂಕಿ. ಮೂರು ಅಂಕಿಗಳಿಂದ ಯಾವ ಸೂತ್ರದ ಸ್ಥಿರಾಂಕಗಳನ್ನೂ ನೆಚ್ಚಿಕೊಳ್ಳುವಂತೆ ಹೊಂದಿಸಲಾಗದು. ಭಾರ ಮತ್ತು ಉದ್ದಿಗೆಯ ಪೂರ್ತಿ ದಾಖಲೆ, ಎಳೆದ ವೇಗ, ಕುಲುಮೆಯ ಡಯಲ್ ತೋರಿಸಿದ ತಾಪಕ್ಕೆ ಬದಲಾಗಿ ತುಂಡಿನ ನಡುಭಾಗಕ್ಕೇ ಕಟ್ಟಿದ ಥರ್ಮೋಕಪಲ್ (ತಾಪ ಅಳೆಯುವ ತಂತಿ ಜೋಡಿ) ತೋರಿಸಿದ ತಾಪ, ಇವು ಜೊತೆಗಿರಬೇಕು. ಹಿಡಿತದ ತುದಿಗಳು ಶಾಖವನ್ನು ಹೊರಗೆ ಸೆಳೆಯುವುದರಿಂದ ಕುಲುಮೆಯ ತಾಪವೂ ತುಂಡಿನ ತಾಪವೂ ಬೇರೆಯಾಗಿರಬಹುದು. ತುಂಡು ಒಂದೆಡೆ ಕುತ್ತಿಗೆಯಂತೆ ಸಣ್ಣಗಾಗತೊಡಗಿದ ಮೇಲಿನ ಅಂಕಿಗಳನ್ನು ಮಾಮೂಲಿ ವಿಧಾನದಿಂದ ನೈಜ ಒತ್ತಡಕ್ಕೆ (ಆ ಕ್ಷಣದ ಅಡ್ಡಕೊಯ್ತದ ಮೇಲಿನ ಒತ್ತಡಕ್ಕೆ) ಪರಿವರ್ತಿಸಬಾರದೆಂಬುದನ್ನೂ ವರದಿಯಲ್ಲೇ ನಮೂದಿಸಿದರೆ ಒಳ್ಳೆಯದು. ವೇಗದ ಪರೀಕ್ಷೆಗಳಲ್ಲಂತೂ ವಿರೂಪಕ್ಕೆ ವ್ಯಯವಾದ ಶಕ್ತಿಯ ಬಹುಪಾಲು ಶಾಖವಾಗಿ ತುಂಡನ್ನು ಒಳಗಿಂದಲೇ ಕಾಯಿಸುವುದರಿಂದ, ವೇಗದ ಪರಿಣಾಮ ಯಾವುದು, ತಾಪದ್ದು ಯಾವುದು ಎಂದು ಬಿಡಿಸುವುದೇ ಒಂದು ಕಸರತ್ತು.

ಪ್ರಾಜೆಕ್ಟ್ ಮಾರ್ಗದರ್ಶಕರು ಒಂದು ತಾಪದ ಪರೀಕ್ಷೆಯನ್ನು ಹೊಂದಾಣಿಕೆಗೆ ಬಳಸದೆ ತೆಗೆದಿರಿಸಿ, ಸ್ಥಿರಾಂಕಗಳು ಸಿದ್ಧವಾದ ಮೇಲೆ ಅದರ ರೇಖೆಯನ್ನು ಲೆಕ್ಕದಿಂದ ಮುನ್ನುಡಿದು, ಪರೀಕ್ಷೆಯ ರೇಖೆಯೊಂದಿಗೆ ಹೋಲಿಸುವಂತೆ ವಿದ್ಯಾರ್ಥಿಗಳಿಗೆ ಹೇಳಲಿ. ಇನ್ನು ಪೂರ್ತಿ ದಾಖಲೆ ಕೊಡಲು ಪ್ರಯೋಗಾಲಯಗಳಿಗೆ ಹೊಸ ಖರ್ಚೇನೂ ಬೀಳದು. ಗಣಕೀಕೃತ ಯಂತ್ರಗಳಲ್ಲಿ ಅದು ಹೇಗೂ ಇರುತ್ತದೆ, ವರದಿಯ ಜೊತೆ ಆ ಕಡತವನ್ನೂ ಕಳಿಸಿದರಾಯಿತು.

– ಓರ್ವ ಮೆಕ್ಯಾನಿಕಲ್ ಎಂಜಿನಿಯರ್, ಮಂಗಳೂರು